ಗುಮಾಸ್ತಗಿರಿಗೊಂದು ಬಿನ್ನಹ

ಸರ್ಕಾರದ ಚಾಕರಿಗೆ ಜನರನ್ನು ಆರಿಸಿಕೊಳ್ಳುವಾಗ ಇಂಗ್ಲಿಷ್ ವಿದ್ಯೆ ಕಲಿತವರಿಗೆ ಪ್ರಾಶಸ್ತ್ಯವು ಸಲ್ಲತಕ್ಕದ್ದೆಂದು 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ನಿರ್ಣಯವನ್ನು ಹೊರಡಿಸಿ, 1857ರಲ್ಲಿ ಮದರಾಸಿನಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಅದರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಛೇರಿಯ ಅನ್ನಕ್ಕೆ ಅರ್ಹತೆಯೆನಿಸಿಕೊಂಡ ಮೇಲೆ, ದಕ್ಷಿಣದೇಶದ ಮಧ್ಯಮ ವರ್ಗದ ಮನೆಗಳಲ್ಲಿ ಹೊಸದೊಂದು ಬಗೆಯ ಬರವಣಿಗೆ ನೆಲೆಯೂರಿತು. ಅದೇ ಉದ್ಯೋಗದ ಅರ್ಜಿ. ಅದಕ್ಕೆ ಹಿಂದೆ ಶಾನುಭೋಗಿಕೆಯು ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ಆಸ್ಥಾನದ ಊಳಿಗಕ್ಕೆ ಹತ್ತಿರದ ಬಂಧುವೋ ಊರಿನ ಹಿರಿಯನೋ ಜೊತೆಯಲ್ಲಿ ಕರೆದೊಯ್ದು ನಿಲ್ಲಿಸುತ್ತಿದ್ದನು. ಈಗಲಾದರೋ, ಎಂದೂ ಮುಖ ನೋಡದ ಅಧಿಕಾರಿಯೊಬ್ಬನಿಗೆ, ತನ್ನದಲ್ಲದ ಭಾಷೆಯಲ್ಲಿ, ಒಂದು ಹಾಳೆಯೊಳಗೆ ತನ್ನನ್ನು ತಾನೇ ನಿವೇದಿಸಿಕೊಳ್ಳಬೇಕಾಯಿತು. ಮಂಗಳೂರು, ಬಳ್ಳಾರಿಗಳು ಮದರಾಸು ಪ್ರಾಂತಕ್ಕೇ ಸೇರಿದ್ದುದರಿಂದ ನಮ್ಮವರಲ್ಲಿಯೂ ಅನೇಕರು ಈ ವಿದ್ಯೆಯನ್ನು ಅಭ್ಯಾಸಮಾಡಿದರು.

ಆ ಅರ್ಜಿಗೆ ಒಂದು ಶಾಸ್ತ್ರವೇ ಇದ್ದಿತು. ಅಧಿಕಾರಿಯು ಷರಾ ಬರೆಯಲೆಂದು ಹಾಳೆಯ ಎಡಭಾಗವನ್ನು ಮಡಿಸಿ ಖಾಲಿ ಬಿಡುವುದು, ದುಂಡಾದ ಅಕ್ಷರಗಳಲ್ಲಿ ಚಿತ್ತು ಕಾಟುಗಳಿಲ್ಲದಂತೆ ಬರೆಯುವುದು, ತೇರ್ಗಡೆಯಾದ ಪರೀಕ್ಷೆಗಳನ್ನು ಹೇಳಿ ತೇರ್ಗಡೆಯಾಗದವುಗಳನ್ನು ಕೂಡ ಹೇಗೋ ಸೂಚಿಸುವುದು, ಯೋಗ್ಯತಾಪತ್ರಗಳ ನಕಲನ್ನು ಲಗತ್ತಿಸಿ ಅಸಲನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಡುವುದು, ಕೊನೆಯಲ್ಲಿ ಪರಮವಿಧೇಯ ಸೇವಕನೆಂದು ಸಹಿ ಮಾಡುವುದು ಇವೆಲ್ಲವೂ ತಪ್ಪದೆ ನಡೆಯಬೇಕಾದ ಕ್ರಮಗಳು. ಮಾದರಿ ಪತ್ರಗಳ ಕೈಪಿಡಿಗಳು ಅಂಗಡಿಗಳಲ್ಲಿ ದೊರೆಯುತ್ತಿದ್ದವು. ವಾಕ್ಯಗಳೆಲ್ಲ ಎರವಲಾದುದರಿಂದ ಸಾವಿರ ಮಂದಿಯ ಅರ್ಜಿಯನ್ನು ಒಬ್ಬನೇ ಬರೆದಂತೆ ತೋರುತ್ತಿದ್ದುದು ಸಹಜವೇ.

ಇಂತಹ ಅರ್ಜಿಗಳಲ್ಲಿ ಒಂದು ಮಾತ್ರ ಇಂದು ಲೋಕವಿಖ್ಯಾತವಾಗಿದೆ. 1912ನೆಯ ಇಸವಿ ಫೆಬ್ರವರಿ 9ರಂದು, ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ವಾಸವಾಗಿದ್ದ ಇಪ್ಪತ್ತುನಾಲ್ಕು ವಯಸ್ಸಿನ ಶ್ರೀನಿವಾಸ ರಾಮಾನುಜನ್ ಬಂದರು ಆಡಳಿತ ಮಂಡಲಿಯ ಕಛೇರಿಗೆ ಬರೆದುಕೊಂಡ ಪತ್ರವದು. ಅದಕ್ಕೆ ಮೊದಲು ಅವರು ಪಟ್ಟ ಪಾಡು ಸಾಮಾನ್ಯವಾದುದಲ್ಲ. ಗಣಿತವೊಂದರಲ್ಲಿಯೇ ತನ್ಮಯರಾಗಿ ಉಳಿದ ವಿಷಯಗಳನ್ನು ಕಡೆಗಣಿಸಿದ್ದರಿಂದ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವು ತಪ್ಪಿತು. ಮದರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿದರೂ ಎಫ್.ಎ. (ಫಸ್ಟ್ ಆರ್ಟ್ಸ್) ಪರೀಕ್ಷೆಯು ಕೈಗೂಡಲಿಲ್ಲ, 1907ರಲ್ಲಿ ಖಾಸಗಿಯಾಗಿ ಕುಳಿತಾಗಲೂ ಅದೇ ಫಲ. 1909ರಲ್ಲಿ ಮದುವೆಯಾಯಿತು, ಸಂಸಾರಕ್ಕೆ ಆಧಾರ ಬೇಕಾಯಿತು. 1910ರಲ್ಲಿ ತಮ್ಮ ಟಿಪ್ಪಣಿಯ ಪುಸ್ತಕಗಳನ್ನು ಹಿಡಿದು, ಭಾರತೀಯ ಗಣಿತ ಸಂಘದ ಸ್ಥಾಪಕರೂ ಡೆಪ್ಯುಟಿ ಕಲೆಕ್ಟರರೂ ಆಗಿದ್ದ ವಿ. ರಾಮಸ್ವಾಮಿ ಅಯ್ಯರನ್ನು ತಿರುಕ್ಕೋವಿಲೂರಿನಲ್ಲಿ ಕಂಡು ಗುಮಾಸ್ತೆಯ ಕೆಲಸವನ್ನು ಯಾಚಿಸಿದರು. ಆ ಪುಟಗಳನ್ನು ಕಂಡ ಅಯ್ಯರರಿಗೆ, ರೆವಿನ್ಯೂ ಇಲಾಖೆಯ ತೀರ ಕೆಳಗಿನ ಮೆಟ್ಟಿಲಿನಲ್ಲಿ ಕೂರಿಸಿ ಇಂತಹ ಪ್ರತಿಭೆಯನ್ನು ನಂದಿಸಲು ಮನಸ್ಸೊಪ್ಪಲಿಲ್ಲ. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾಯರು ಕೆಲವು ಕಾಲ ತಿಂಗಳಿಗೆ 25 ರೂಪಾಯಿ ಕೊಟ್ಟು ಪೋಷಿಸಿದರು. ಪರರ ಹಣದಲ್ಲಿ ಬಹುಕಾಲ ಬಾಳುವುದು ರಾಮಾನುಜನ್ನರಿಗೆ ಹಿಡಿಸಲಿಲ್ಲ.

ಪತ್ರವು ಅತ್ಯಂತ ಮೊಟಕು: ಸಂಬೋಧನೆ ಮತ್ತು ಸಹಿಯ ಒಕ್ಕಣೆಯನ್ನು ಬಿಟ್ಟರೆ ಐದೇ ವಾಕ್ಯಗಳು. ಆ ಕಛೇರಿಯಲ್ಲಿ ಗುಮಾಸ್ತೆಯ ಸ್ಥಾನವೊಂದು ತೆರವಾಗಿದೆಯೆಂದು ತಿಳಿದು ಅದಕ್ಕಾಗಿ ಬಿನ್ನವಿಸುತ್ತಿರುವುದಾಗಿ ಮೊದಲನೆಯದು ಹೇಳುತ್ತದೆ. ಮೆಟ್ರಿಕ್ಯುಲೇಷನ್ ಮುಗಿಸಿ ಎಫ್.ಎ. ತನಕ ಓದಿದುದನ್ನೂ, ಪ್ರತಿಕೂಲ ಸಂದರ್ಭಗಳಿಂದ ಮುಂದುವರಿಯಲಾಗದುದನ್ನೂ ಎರಡನೆಯದು ತಿಳಿಸುತ್ತದೆ. ಅನುತ್ತೀರ್ಣನೆಂಬ ಮಾತನ್ನು ಅದು ಆಡುವುದಿಲ್ಲ, ಸುಳ್ಳನ್ನೂ ಆಡುವುದಿಲ್ಲ. ಕೊನೆಯ ಎರಡು ವಾಕ್ಯಗಳು, ಕೆಲಸವನ್ನು ಸಮರ್ಪಕವಾಗಿ ನಿರ್ವಹಿಸುವೆನೆಂಬ ಭರವಸೆ ಮತ್ತು ನೇಮಕ ಮಾಡಬೇಕೆಂಬ ಪ್ರಾರ್ಥನೆ, ಯಾವ ಅರ್ಜಿಯಲ್ಲಿಯೂ ಇರಬಹುದಾದವು. ಇವುಗಳ ನಡುವೆ ಮೂರನೆಯದಾಗಿ ಬರುವ ವಾಕ್ಯದಲ್ಲಿ, ತಾನು ತನ್ನ ಸಮಯವನ್ನೆಲ್ಲ ಗಣಿತಕ್ಕೇ ಮುಡಿಪಾಗಿಟ್ಟು ಆ ಶಾಸ್ತ್ರವನ್ನು ಬೆಳೆಸುತ್ತಿರುವೆನೆಂದು ಅವರು ಬರೆಯುತ್ತಾರೆ. ಲೆಕ್ಕಪತ್ರ ನೋಡುವ ಗುಮಾಸ್ತನು ಗಣಿತಶಾಸ್ತ್ರವನ್ನು ಬೆಳೆಸಬೇಕೆಂದು ಯಾವ ಕಛೇರಿಯೂ ಅಪೇಕ್ಷಿಸುವುದಿಲ್ಲ. ಯಾವ ಕೈಪಿಡಿಯಲ್ಲಿಯೂ ಆ ವಾಕ್ಯವು ದೊರೆಯಲಾರದು. ಗಣಿತ ಸಂಘದ ಪತ್ರಿಕೆಯಲ್ಲಿ 1911ರಲ್ಲಿಯೇ ಅಚ್ಚಾಗಿದ್ದ ತಮ್ಮ ಲೇಖನವನ್ನು ಅವರು ಉಲ್ಲೇಖಿಸಲೇ ಇಲ್ಲವೆಂಬುದು ನನ್ನನ್ನು ಪ್ರತಿ ಸಲವೂ ಕಲಕುತ್ತದೆ. ಅವರ ಪರವಾಗಿ ಹೇಳಬೇಕಾದುದನ್ನು ಪ್ರೆಸಿಡೆನ್ಸಿ ಕಾಲೇಜಿನ ಗಣಿತಾಧ್ಯಾಪಕ ಮಿಡ್ಲ್‌ಮಾಸ್ಟರ ಶಿಫಾರಸು ಹೇಳಿತು. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಕೆಲಸವು ದೊರೆಯಿತು. ಬಂದರು ಮಂಡಲಿಯ ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗರೂ, ಸ್ವತಃ ಗಣಿತಜ್ಞರಾದ ನಾರಾಯಣ ಅಯ್ಯರರೂ ಅಲ್ಲಿದ್ದುದು ಪುಣ್ಯವಿಶೇಷವೆನ್ನಬೇಕು.

1913ರ ಜನವರಿ 16ರಂದು ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಗೆ ಬರೆದ ಪತ್ರವೂ ಅರ್ಜಿಯ ಧಾಟಿಯಲ್ಲಿಯೇ ಆರಂಭವಾಗುತ್ತದೆ. ಬಂದರು ಕಛೇರಿಯ ಲೆಕ್ಕಪತ್ರ ವಿಭಾಗದಲ್ಲಿ ವರ್ಷಕ್ಕೆ ಬರಿಯ 20 ಪೌಂಡು ವೇತನದ ಗುಮಾಸ್ತನೆಂದು ತಮ್ಮನ್ನು ಪರಿಚಯಿಸಿಕೊಂಡು, ವಿಶ್ವವಿದ್ಯಾನಿಲಯದ ಶಿಕ್ಷಣವು ತಮಗಿಲ್ಲವೆಂದು ಒಪ್ಪಿಕೊಂಡು, ತಾವು ಬಡವರಾದುದರಿಂದ ಈ ಪ್ರಮೇಯಗಳಲ್ಲಿ ಬೆಲೆಯುಳ್ಳದ್ದೇನಾದರೂ ಕಂಡುಬಂದಲ್ಲಿ ಪ್ರಕಟವಾಗಬೇಕೆಂದು ಬೇಡಿಕೊಂಡರು. ಆದರೆ ಈ ಸಲ ತಮ್ಮ ಗಣಿತವನ್ನು ಅವರು ಹೇಳದೆ ಬಿಡಲಿಲ್ಲ. ಲಗತ್ತಿಸಿದ್ದು ಯೋಗ್ಯತಾಪತ್ರದ ನಕಲನ್ನಲ್ಲ, ಪುಟಪುಟಗಳ ತುಂಬ ಸ್ವಂತ ಪ್ರಮೇಯಗಳನ್ನು. ಇದಕ್ಕೆ ಮುನ್ನ ಕೇಂಬ್ರಿಡ್ಜಿನ ಬೇರೆ ವಿದ್ವಾಂಸರಿಗೆ ಬರೆದುದು ವ್ಯರ್ಥವಾಗಿದ್ದಿತು. ಹಾರ್ಡಿಯೂ ಅವರ ಮಿತ್ರ ಲಿಟಲ್‌ವುಡ್ಡರೂ ಒಟ್ಟಿಗೆ ಕುಳಿತು ಅವುಗಳನ್ನು ಪರಿಶೀಲಿಸಿ ಬೆರಗಾದರು.

ಪವನಶಾಸ್ತ್ರ ಇಲಾಖೆಯ ಮುಖ್ಯರಾದ ಗಿಲ್ಬರ್ಟ್ ವಾಕರರೂ ರಾಮಾನುಜನ್ನರ ಪರವಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಬರೆದರು. ಸ್ನಾತಕೋತ್ತರ ಪದವಿಯಿಲ್ಲದವನಿಗೆ ಸಂಶೋಧನಾ ವೇತನವು ಸಲ್ಲುವಂತಿರಲಿಲ್ಲ. ಆದರೂ ಸಂಶೋಧನೆಯ ಪೋಷಣೆಯು ವಿಶ್ವವಿದ್ಯಾನಿಲಯದ ಕರ್ತವ್ಯವೆಂಬ ವಾದವು ಗೆದ್ದು, 1913ರ ಮೇ ತಿಂಗಳಿಂದ ಮಾಸಿಕ 75 ರೂಪಾಯಿ ಮಂಜೂರಾಯಿತು. ಮೂರು ತಿಂಗಳಿಗೊಮ್ಮೆ ವರದಿಯನ್ನು ಸಲ್ಲಿಸತಕ್ಕದ್ದೆಂಬುದು ಷರತ್ತು. ಆಗಸ್ಟ್ 5ರ ಮೊದಲನೆಯ ವರದಿಯ ಮೇಲೊಂದು ಪತ್ರವಿದೆ: ರಿಜಿಸ್ಟ್ರಾರರ ಆದೇಶಪತ್ರದ ಸಂಖ್ಯೆ, ದಿನಾಂಕಗಳನ್ನು ಉಲ್ಲೇಖಿಸಿ, ಗುಮಾಸ್ತೆಯ ಅಚ್ಚುಕಟ್ಟಿನಲ್ಲಿ, ತ್ರೈಮಾಸಿಕ ವರದಿಯನ್ನು ವಿನಯಪೂರ್ವಕವಾಗಿ ಒಪ್ಪಿಸುವ ಪತ್ರ. ಅದರ ಕೆಳಗಿನ ಹಾಳೆಗಳಲ್ಲಿ, ಗಣಿತಜ್ಞರು ಇಂದಿಗೂ ರಾಮಾನುಜನ್ನರ ಮಹಾಪ್ರಮೇಯವೆಂದು ಕರೆಯುವ ನಿಶ್ಚಿತ ಅನುಕಲನ ಸೂತ್ರವಿದೆ.