ಪಾಯಿಸನ್ ಐವಿ ನಮ್ಮಲ್ಲಿಲ್ಲ, ಅದರ ನೆಂಟರು ಹಿತ್ತಲಲ್ಲೇ ಇದ್ದಾರೆ

ಮಾವಿನ ಹಣ್ಣು ತಿಂದ ಎರಡು ದಿನಕ್ಕೆ ತುಟಿಯ ಸುತ್ತ ಕೆಂಪಗೆ ಗುಳ್ಳೆ ಎದ್ದರೆ 'ಹಣ್ಣು ಉಷ್ಣ' ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಉಷ್ಣ ಕಾರಣವಲ್ಲ. ಹಣ್ಣಿನ ಸಿಪ್ಪೆ ಮತ್ತು ತೊಟ್ಟಿನ ಸೊನೆಯಲ್ಲಿರುವ ಎಣ್ಣೆಯಂತಹ ರಾಸಾಯನಿಕ ಕಾರಣ. ಅಮೆರಿಕದ ಕಾಡುಗಳಲ್ಲಿ ಚಾರಣಿಗರನ್ನು ಕಾಡುವ ಪಾಯಿಸನ್ ಐವಿ ಬಳ್ಳಿಯ ವಿಷವೂ ಇದೇ ಜಾತಿಯದು.

ಪಾಯಿಸನ್ ಐವಿಯ ಸಸ್ಯಶಾಸ್ತ್ರೀಯ ಹೆಸರು ಟಾಕ್ಸಿಕೋಡೆಂಡ್ರಾನ್ ರ‍್ಯಾಡಿಕನ್ಸ್. ಹೆಸರಿನಲ್ಲಿ ಐವಿ ಇದ್ದರೂ ಗೋಡೆಗೆ ಹಬ್ಬಿಸುವ ಅಲಂಕಾರದ ಐವಿಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ತೊಟ್ಟಿಗೆ ಮೂರು ಎಲೆಗಳಿರುವ ಈ ಗಿಡ ಕೆಲವೆಡೆ ಪೊದೆಯಾಗಿ, ಕೆಲವೆಡೆ ಮರಕ್ಕೆ ಹಬ್ಬುವ ಬಳ್ಳಿಯಾಗಿ ಬೆಳೆಯುತ್ತದೆ. ಅದು ಸೇರಿರುವುದು ಅನಕಾರ್ಡಿಯೇಸಿ ಕುಟುಂಬಕ್ಕೆ, ಅಂದರೆ ನಮ್ಮ ಮಾವು, ಗೇರು, ಅಮಟೆ, ಪಿಸ್ತಾಗಳ ಕುಟುಂಬಕ್ಕೆ. ಸುಮಾರು 80 ಕುಲ, 800ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಸಂಸಾರದಲ್ಲಿ ಎಲ್ಲರೂ ಕೆಡುಕರಲ್ಲ.

ತುರಿಕೆ ತರುವ ಎಣ್ಣೆಯ ಹೆಸರು ಉರುಶಿಯಾಲ್. ಜಪಾನಿನಲ್ಲಿ ಮೆರುಗೆಣ್ಣೆ ತೆಗೆಯುವ ಮರ ಇದೇ ಟಾಕ್ಸಿಕೋಡೆಂಡ್ರಾನ್ ಕುಲದ್ದು. ಆ ಮೆರುಗೆಣ್ಣೆಗೆ ಜಪಾನಿ ಭಾಷೆಯಲ್ಲಿರುವ 'ಉರುಶಿ' ಎಂಬ ಪದದಿಂದ ಈ ಹೆಸರು ಬಂದಿದೆ. ಉರುಶಿಯಾಲ್ ಚರ್ಮವನ್ನು ನೇರವಾಗಿ ಸುಡುವುದಿಲ್ಲ. ಚರ್ಮದ ಪ್ರೋಟೀನಿಗೆ ಅಂಟಿಕೊಂಡಾಗ ದೇಹದ ಟಿ-ಕೋಶಗಳು ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತವೆ. ಮೊದಲ ಸಲ ತಾಗಿದಾಗ ಏನೂ ಆಗದಿರಬಹುದು. ಮುಂದಿನ ಸಲ ಒಂದೆರಡು ದಿನಗಳಲ್ಲಿ ಕೆಂಪು, ಊತ, ನೀರ್ಗುಳ್ಳೆ ಕಾಣಿಸಿಕೊಳ್ಳುತ್ತವೆ. ನಸಗುನ್ನಿ ಕಾಯಿಯ ರೋಮ ತಾಗಿದರೆ ತುರಿಕೆ ತಕ್ಷಣ ಶುರುವಾಗುತ್ತದೆ, ಇಲ್ಲಿ ಹಾಗಲ್ಲ. ಈ ವಿಳಂಬದಿಂದಾಗಿಯೇ ಜನರಿಗೆ ನಿಜವಾದ ಕಾರಣ ಹೊಳೆಯುವುದಿಲ್ಲ.

ಈ ಕುಟುಂಬದಲ್ಲಿ ನಮ್ಮವರಿಗೆ ಚೆನ್ನಾಗಿ ಪರಿಚಯವಿರುವ ಖಳ ಕರಿಗೇರು. ಸಂಸ್ಕೃತದಲ್ಲಿ ಭಲ್ಲಾತಕ, ಹಿಂದಿಯಲ್ಲಿ ಭಿಲಾವಾ, ತಮಿಳಿನಲ್ಲಿ ಸೇಂಕೊಟ್ಟೈ. ಇದರ ಕಪ್ಪು ಬೀಜದ ರಸವನ್ನು ಸುಣ್ಣದೊಂದಿಗೆ ಬೆರೆಸಿ ಬಟ್ಟೆಗೆ ಹಚ್ಚಿದರೆ ಎಷ್ಟು ಒಗೆದರೂ ಹೋಗದ ಕಪ್ಪು ಗುರುತು ಬೀಳುತ್ತದೆ. ಅಗಸರು ಬಟ್ಟೆ ಬದಲಾಗದಂತೆ ಇದರಿಂದಲೇ ಗುರುತು ಹಾಕುತ್ತಿದ್ದರು. ಸೆಮೆಕಾರ್ಪಸ್ ಎಂಬ ಇದರ ಕುಲನಾಮದ ಅರ್ಥವೂ 'ಗುರುತು ಹಾಕುವ ಕಾಯಿ' ಎಂದೇ.

ಎರಡನೇ ಮಹಾಯುದ್ಧದ ವೇಳೆ ಭಾರತದಲ್ಲಿದ್ದ ಅಮೆರಿಕನ್ ಸೈನಿಕರಿಗೆ ಕುತ್ತಿಗೆಯ ಹಿಂಭಾಗ, ಸೊಂಟದಂತಹ ಜಾಗಗಳಲ್ಲೇ ಗುಳ್ಳೆ ಏಳತೊಡಗಿದವು. ಅಂಗಿ, ಚಡ್ಡಿಗಳ ಮೇಲೆ ಧೋಬಿ ಹಾಕಿದ ಗುರುತು ತಾಗುತ್ತಿದ್ದುದು ಅಲ್ಲಿಯೇ. 1943ರಲ್ಲಿ ಸೇನಾ ವೈದ್ಯರು ಇದನ್ನು 'ಧೋಬಿ ಮಾರ್ಕ್' ಚರ್ಮರೋಗವೆಂದು ದಾಖಲಿಸಿದರು. ತಮ್ಮೂರಿನಲ್ಲಿ ಪಾಯಿಸನ್ ಐವಿ ತಾಗಿಸಿಕೊಂಡಿದ್ದವರ ದೇಹ ಹೊಸ ದೇಶದಲ್ಲಿ ಹಳೆಯ ಶತ್ರುವನ್ನು ಗುರುತಿಸುವುದು ಸಹಜವೇ.

ಕರಿಗೇರು ಆಯುರ್ವೇದದ ಔಷಧವೂ ಹೌದು. ಆದರೆ ಇಟ್ಟಿಗೆ ಪುಡಿಯಲ್ಲಿ ಉಜ್ಜಿ ಎಣ್ಣೆ ತೆಗೆಯುವುದೂ ಸೇರಿದಂತೆ ಶೋಧನೆ ಮಾಡಿದ ನಂತರವಷ್ಟೇ ಅದನ್ನು ಬಳಸುತ್ತಾರೆ. ಹಿಮ್ಮಡಿ ಒಡಕಿಗೆ ಹಸಿ ಬೀಜವನ್ನು ಕಾಯಿಸಿ ಹಚ್ಚುವ ರೂಢಿ ಹಳ್ಳಿಗಳಲ್ಲಿದೆ. ಒಡಕು ವಾಸಿಯಾಗುವ ಮೊದಲು ಕಾಲೆಲ್ಲ ಬೊಬ್ಬೆ ಬರುವ ಅಪಾಯವಿದೆ.

ಪಶ್ಚಿಮ ಘಟ್ಟದಲ್ಲಿ ಇನ್ನೊಬ್ಬನಿದ್ದಾನೆ, ಹೊಳಗೇರು. ದಕ್ಷಿಣ ಕನ್ನಡ, ಕಾಸರಗೋಡು ಕಡೆ ಇದನ್ನು ಚೇರೆ ಎನ್ನುತ್ತಾರೆ. ಹೋಲಿಗಾರ್ನಾ ಎಂಬ ಇದರ ಕುಲನಾಮ ಬಂದದ್ದು ಕನ್ನಡದ ಹೆಸರಿನಿಂದಲೇ. ಕಾಂಡಕ್ಕೆ ಗಾಯವಾದರೆ ಒಸರುವ ರಸ ಗಾಳಿಗೆ ಕಪ್ಪಾಗುತ್ತದೆ. ಚೇರೆ ತಾಗಿದವರು ತಾರೆ ಮರಕ್ಕೆ ಸುತ್ತು ಹಾಕಬೇಕೆಂಬ ನಂಬಿಕೆ ಕೇರಳದ ಹಳ್ಳಿಗಳಲ್ಲಿದೆ. ಎರಡು ಮೂರು ವಾರದಲ್ಲಿ ಗುಳ್ಳೆ ತಾನಾಗಿಯೇ ಒಣಗುವುದರಿಂದ ಮರಕ್ಕೆ ಕೀರ್ತಿ ಸಿಕ್ಕಿರಬಹುದು.

16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೇರು ಮರದಲ್ಲಿ ಅಪಾಯವಿರುವುದು ಬೀಜದ ಸಿಪ್ಪೆಯಲ್ಲಿ. ಸಿಪ್ಪೆಯ ಪದರಗಳ ನಡುವೆ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಇರುವ ಖಾರ ಎಣ್ಣೆ ತುಂಬಿರುತ್ತದೆ. ಕರಾವಳಿಯ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಮಹಿಳೆಯರ ಬೆರಳು ಕಪ್ಪಾಗಿ ಸುಲಿಯುವುದು ಇದರಿಂದಲೇ. ಕೈಗೆ ಎಣ್ಣೆ ಅಥವಾ ಬೂದಿ ಹಚ್ಚಿಕೊಳ್ಳುವುದು ಹಳೆಯ ರಕ್ಷಣೆ. ಕೈಗವಸು ಹಾಕಿದರೆ ಕೆಲಸದ ವೇಗ ತಗ್ಗುತ್ತದೆ, ಕೂಲಿ ತೂಕದ ಲೆಕ್ಕದಲ್ಲಿದ್ದರೆ ಅದು ದುಬಾರಿ ಆಯ್ಕೆ. ತಿನ್ನುವವರಿಗೂ ತೊಂದರೆ ಇಲ್ಲದಿಲ್ಲ. 1982ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಿಪ್ಪೆಯ ಚೂರು ಬೆರೆತ ಗೋಡಂಬಿ ತಿಂದ ಹಲವರ ಮೈಮೇಲೆ ಗುಳ್ಳೆ ಎದ್ದಿದ್ದವು. ಬೇಸಿಗೆಯಲ್ಲಿ ಮನೆಯಂಗಳದಲ್ಲಿ ಹಸಿ ಬೀಜ ಸುಡುವಾಗ ಹೊಗೆಯಿಂದಲೂ ದೂರವಿರಬೇಕು. ಹೊಗೆ ಕಣ್ಣು, ಗಂಟಲಿಗೆ ಹೋದರೆ ಚರ್ಮದ ತುರಿಕೆಗಿಂತ ಕಷ್ಟ.

ಮಾವಿಗೆ ಮರಳಿದರೆ, ಹಣ್ಣಿನ ತಿರುಳು ಹೆಚ್ಚಿನವರಿಗೆ ನಿರಪಾಯಕಾರಿ. ತೊಟ್ಟು ಮುರಿದಾಗ ಚಿಮ್ಮುವ ಸೊನೆ ತಾಗಿದ ಕೂಡಲೇ ಉರಿದರೆ ಅದು ಸುಟ್ಟ ಗಾಯ, ಎರಡು ದಿನದ ಬಳಿಕ ತುರಿಸಿದರೆ ಅಲರ್ಜಿ. ಕೊಯ್ಯುವಾಗ ಎರಡು ಮೂರು ಸೆಂಟಿಮೀಟರ್ ತೊಟ್ಟು ಉಳಿಸಿ, ನಂತರ ಹಣ್ಣನ್ನು ತಲೆಕೆಳಗಾಗಿಟ್ಟು ಸೊನೆ ಇಳಿಸುವುದು ಬೆಳೆಗಾರರ ಕ್ರಮ. ಮನೆಯಲ್ಲಿ ತೊಳೆದು, ಸಿಪ್ಪೆ ಸುಲಿದು, ಹೆಚ್ಚಿ ತಿಂದರೆ ಸಾಕು. ಸಿಪ್ಪೆಸಹಿತ ಚೀಪುವ ಸುಖವನ್ನು ಅಲರ್ಜಿ ಇರುವವರು ಬಿಡಬೇಕಾಗುತ್ತದೆ.

ಹಿಮಾಲಯ ಚಾರಣಕ್ಕೆ ಹೋಗುವ ಕನ್ನಡಿಗರು ಗಮನಿಸಬೇಕಾದ ವಿಷಯವೂ ಇದೆ. ಅಲ್ಲಿನ ಕಾಡುಗಳಲ್ಲಿ ಪಾಯಿಸನ್ ಐವಿಯ ಸ್ವಂತ ಕುಲದ ಟಾಕ್ಸಿಕೋಡೆಂಡ್ರಾನ್ ವಾಲಿಚೈ ಮುಂತಾದ ಮರಗಳಿವೆ.

ರಸ ತಾಗಿದೆ ಎಂದು ತಿಳಿದರೆ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಸೋಪು ಹಚ್ಚಿ ಧಾರಾಳ ನೀರಿನಿಂದ ತೊಳೆಯುವುದು ಮುಖ್ಯ. ಬಟ್ಟೆ, ಕತ್ತಿ, ಚಪ್ಪಲಿಗಳನ್ನೂ ತೊಳೆಯಬೇಕು, ಏಕೆಂದರೆ ಉರುಶಿಯಾಲ್ ಅವುಗಳ ಮೇಲೆ ತಿಂಗಳುಗಟ್ಟಲೆ ಉಳಿಯಬಲ್ಲದು. ಗುಳ್ಳೆಯ ನೀರಿನಿಂದ ರೋಗ ಹರಡುತ್ತದೆಂಬುದು ತಪ್ಪು ಕಲ್ಪನೆ. ಆದರೆ ಗುಳ್ಳೆ ಒಡೆದು ಕೆರೆದರೆ ಕೀವಾಗುತ್ತದೆ. ತಣ್ಣೀರಿನ ಬಟ್ಟೆ, ಕ್ಯಾಲಮೈನ್ ಲೋಷನ್ ತುರಿಕೆ ತಗ್ಗಿಸುತ್ತವೆ. ಮುಖ, ಕಣ್ಣು, ಗುಪ್ತಾಂಗ ಊದಿಕೊಂಡರೆ ಅಥವಾ ಹೊಗೆ ಕುಡಿದು ಉಸಿರಾಟ ಕಷ್ಟವಾದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಯಾವ ಮರ ತಾಗಿತ್ತು, ಯಾವಾಗ ತಾಗಿತ್ತು ಎಂಬುದನ್ನು ವೈದ್ಯರಿಗೆ ತಿಳಿಸಬೇಕು.