ಸಾಲೋಟಗಿಯ ಉಪಾಧ್ಯಾಯವೃತ್ತಿ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿಯೆಂಬ ಗ್ರಾಮವುಂಟು. ಇದರ ಪ್ರಾಚೀನನಾಮವು ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಅಲ್ಲಿ ನೆಲಸಿದ್ದರೆಂದೂ ಕ್ರಿ. ಶ. 945ರ ಸ್ತಂಭಶಾಸನದಿಂದ ತಿಳಿದುಬರುತ್ತದೆ. ರಾಜಧಾನಿಯಾದ ಮಾನ್ಯಖೇಟವನ್ನು ಬಿಟ್ಟು ಸಮರ್ಥನಾದ ಉಪಾಧ್ಯಾಯನೊಬ್ಬನು ಹಳ್ಳಿಯಲ್ಲಿ ಸ್ಥಿರವಾಗಿ ನಿಲ್ಲುವಂತೆ ಮಾಡುವುದು ಹೇಗೆ? ಇದಕ್ಕೆ ಉತ್ತರವು ಆ ಶಾಸನದ ದತ್ತಿಗಳ ಲೆಕ್ಕದಲ್ಲಿಯೇ ಇರುವುದು.

ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು. ಶಾಲೆಗೆ 500 ನಿವರ್ತನ ಭೂಮಿ. ದೀಪಕ್ಕೆ 12 ನಿವರ್ತನ. ಉಪಾಧ್ಯಾಯನಿಗೆ 50 ನಿವರ್ತನ. ಇಷ್ಟಲ್ಲದೆ ಊರಿನ ಬ್ರಾಹ್ಮಣರು ಮದುವೆಗೆ 5 ನಾಣ್ಯಗಳನ್ನೂ, ಉಪನಯನಕ್ಕೆ ಅದರ ಅರ್ಧವನ್ನೂ, ಚೌಲಕ್ಕೆ ಅದರಲ್ಲರ್ಧವನ್ನೂ ಶಾಲೆಗೆ ಸಲ್ಲಿಸತಕ್ಕದ್ದೆಂದು ಕಟ್ಟಳೆಯಾಯಿತು. ಹೀಗೆ ಮಂತ್ರಿಯ ಔದಾರ್ಯದೊಡನೆ ಗ್ರಾಮದ ಹೊಣೆಯೂ ಸೇರಿಕೊಂಡಿತು.

ಇಲ್ಲೊಂದು ಧರ್ಮಸೂಕ್ಷ್ಮವುಂಟು. ಕೂಲಿ ಗೊತ್ತುಮಾಡಿಕೊಂಡು ಪಾಠ ಹೇಳುವ ಭೃತಕಾಧ್ಯಾಪಕನನ್ನು ಮನುಸ್ಮೃತಿಯು ನಿಂದಿಸಿ, ಶ್ರಾದ್ಧಪಂಕ್ತಿಗೆ ಅನರ್ಹನೆಂದು ಎಣಿಸಿದೆ. ಆದರೆ ಉಪಾಧ್ಯಾಯನಿಗೂ ಹಸಿವೆಯುಂಟು, ಸಂಸಾರವುಂಟು. ಭೂದತ್ತಿಯು ಈ ತೊಡಕನ್ನು ಬಿಡಿಸಿತು. ಶಿಷ್ಯನ ಮುಂದೆ ಕೈಯೊಡ್ಡದೆ, ಒಡೆಯನ ಬಾಗಿಲು ಕಾಯದೆ, ನೆಲದ ಉತ್ಪನ್ನದಿಂದ ಆತನು ಬಾಳಬಹುದಾಯಿತು. ನೆಲವನ್ನು ಹೊತ್ತುಕೊಂಡು ಬೇರೆ ಊರಿಗೆ ಹೋಗಲಾಗದು. ಆದುದರಿಂದ ಆ ಊರಿನಲ್ಲಿ ನಿಲ್ಲುವುದಕ್ಕೆ ವೃತ್ತಿಯೇ ಕಾರಣವಾಯಿತು.

ಒಂದು ಶತಮಾನದ ಮೇಲೆ, 1058ರಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿಯೂ ಇದೇ ಕ್ರಮವು ಕಾಣಬರುತ್ತದೆ. ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು ಸ್ಥಾಪಿಸಿ, ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರನ್ನು ನಿಯಮಿಸಿದನು. ಗ್ರಂಥಗಳನ್ನು ಕಾಯುವ ಆರು ಮಂದಿ ಸರಸ್ವತೀಭಂಡಾರಿಗರಿಗೂ ಭೂಮಿಯನ್ನು ಬಿಡಲಾಯಿತು.

ಆ ವಿದ್ಯೆಯು ಎಲ್ಲರಿಗೂ ದೊರೆಯಲಿಲ್ಲವೆಂಬುದನ್ನು ಮರೆಯಲಾಗದು. ಉತ್ತು ಬಿತ್ತಿ ಶಾಲೆಯ ಕಣಜವನ್ನು ತುಂಬಿದ ಒಕ್ಕಲಿನ ಮಗನಿಗೆ ಅದರ ಬಾಗಿಲು ತೆರೆದಿರಲಿಲ್ಲ. ಈಗಿನ ಶಾಲೆಯು ಸಕಲರ ಮಕ್ಕಳದು. ಆದುದರಿಂದಲೇ ಉಪಾಧ್ಯಾಯನಿಲ್ಲದ ಹಳ್ಳಿಯ ನಷ್ಟವು ಅಂದಿಗಿಂತ ಹಿರಿದು. ಕರ್ನಾಟಕದಲ್ಲಿ ಶಿಕ್ಷಕರ ವರ್ಗಾವಣೆಗಾಗಿ 2007ರಲ್ಲಿ ಒಂದು ಕಾಯಿದೆಯೂ 2020ರಲ್ಲಿ ಮತ್ತೊಂದೂ ಆದವು. ಊರುಗಳನ್ನು ವಲಯಗಳಾಗಿ ವಿಂಗಡಿಸಿ ದೂರದ ಹಳ್ಳಿಯ ಸೇವೆಯನ್ನು ಕಡ್ಡಾಯ ಮಾಡುವುದು ಇವುಗಳ ಮಾರ್ಗ. ಮನೆಬಾಡಿಗೆಯ ಭತ್ಯವಾದರೋ ಪಟ್ಟಣವು ದೊಡ್ಡದಾದಷ್ಟೂ ಹೆಚ್ಚು, ಹಳ್ಳಿಯಲ್ಲಿ ಕಡಿಮೆ. ಪಟ್ಟಣದ ಬಾಡಿಗೆ ಹೆಚ್ಚೆಂಬುದು ಇದಕ್ಕೆ ಸಮಾಧಾನ, ನ್ಯಾಯವೂ ಇರಬಹುದು. ಆದರೆ ಹಳ್ಳಿಯಲ್ಲಿ ನಿಂತವನಿಗೆ ಅಲ್ಲಿಯೇ ನಿಲ್ಲಲು ಅದರಿಂದ ಯಾವ ಕಾರಣವೂ ಒದಗುವುದಿಲ್ಲ.

ಆಜ್ಞೆಯಿಂದ ಬಂದವನು ಅವಧಿ ಮುಗಿಯುವ ದಿನವನ್ನೆಣಿಸುವನು. ವೃತ್ತಿಯಿಂದ ನೆಲೆಗೊಂಡವನು ಮುಂದಿನ ಬೆಳೆಯನ್ನೂ ಮುಂದಿನ ವರ್ಷದ ಶಿಷ್ಯರನ್ನೂ ಎಣಿಸುವನು. ಪಾವಿಟ್ಟಗೆಯವರು ಇದನ್ನರಿತು, ತಮ್ಮ ಮನೆಯ ಮದುವೆಯ ಸಂಭ್ರಮದಲ್ಲಿಯೂ ಶಾಲೆಯ ಪಾಲನ್ನು ತೆಗೆದಿರಿಸಿದರು.