ಪೆನ್‌ಡ್ರೈವ್‌ನಲ್ಲಿ ಕನ್ನಡ ಹೆಸರು ಪ್ರಶ್ನೆ ಚಿಹ್ನೆ ಆಗೋದ್ಯಾಕೆ? ಕರ್ನೆಲ್‌ನ ಒಂದು ಡಿಫಾಲ್ಟ್‌ನ ಇತಿಹಾಸ

ವಿಡಿಯೊ ನೋಡೋಕೆ ಟೈಮ್ ಇಲ್ಲ, ಲೋಕಲ್‌ನಲ್ಲಿ ನಿಂತ್ಕೊಂಡು ಓದ್ತೀವಿ ಅಂತ ತುಂಬಾ ಜನ ಕೇಳಿದ್ದಕ್ಕೆ ಮಾತನ್ನ ಸ್ವಲ್ಪ ತಿದ್ದಿ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಡೊಂಬಿವಲಿಯಲ್ಲಿ ಹತ್ತಿ, ಠಾಣೆಯಲ್ಲಿ ಇಳಿದು, ಟ್ರಾನ್ಸ್ ಹಾರ್ಬರ್ ಹಿಡಿದು ಐರೋಲಿ ಮುಟ್ಟೋದರೊಳಗೆ ಓದಿ ಮುಗಿಸಬಹುದು. ಇವತ್ತಿನ ವಿಷಯ ಲಿನಕ್ಸ್ ಕರ್ನೆಲ್ ಬಿಲ್ಡ್ ಮಾಡುವಾಗ ಫೈಲ್‌ಸಿಸ್ಟಂಗೆ ಕೊಡುವ ಕಾನ್ಫಿಗ್ ಆಪ್ಷನ್‌ಗಳು. ಒಣ ವಿಷಯ ಅನ್ನಿಸಬಹುದು. ಅದಕ್ಕೇ ನಮ್ಮ ಬಿಲ್ಡಿಂಗ್‌ನಲ್ಲಿ ನಡೆದದ್ದರಿಂದ ಶುರು ಮಾಡ್ತೀನಿ.

ನಮ್ಮ ಕೆಳಗಿನ ಮಹಡಿಯಲ್ಲಿ ಗದಗ ಕಡೆಯ ಒಬ್ಬರು ಹಿರಿಯರಿದ್ದಾರೆ. ಬ್ಯಾಂಕಿನಿಂದ ನಿವೃತ್ತರು. ನಾನು ಕಾಕಾ ಅಂತಲೇ ಕರೆಯೋದು. ಅವರ ತಾಯಿ ಮತ್ತು ಸೋದರತ್ತೆ ಹಾಡಿದ ಬೀಸುವ ಪದ, ಸೋಬಾನ ಪದಗಳನ್ನ ಯಾವಾಗಲೋ ಕ್ಯಾಸೆಟ್‌ನಲ್ಲಿ ತುಂಬಿಸಿಟ್ಟಿದ್ದರಂತೆ. ಅವನ್ನೆಲ್ಲ ಎಂಪಿ3 ಮಾಡಿಸಿ, ಎರಡು ತಿಂಗಳು ಕೂತು, ಪ್ರತಿ ಫೈಲ್‌ಗೂ ಕನ್ನಡದಲ್ಲಿ ಹೆಸರು ಕೊಟ್ಟಿದ್ದರು: ಹಾಡಿನ ಮೊದಲ ಸಾಲು, ಹಾಡಿದವರು, ಊರು. ನೂರಕ್ಕೂ ಹೆಚ್ಚು ಫೈಲ್. ಕ್ಯಾಸೆಟ್ ಮೇಲಿನ ಬರಹ ಅಳಿಸಿಹೋಗಿದೆ. ಯಾವ ಹಾಡು ಯಾರದು ಅನ್ನೋದು ಈ ಫೈಲ್ ಹೆಸರುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಅದರ ಒಂದು ಕಾಪಿ ನನ್ನ ಹತ್ತಿರ ಇರಲಿ ಅಂತ ಪೆನ್‌ಡ್ರೈವ್ ತಂದರು. ಮನೆಯಲ್ಲಿ ಒಂದು ಸಣ್ಣ ಸರ್ವರ್ ಇಟ್ಟಿದ್ದೀನಿ, ಕರ್ನೆಲ್ ನಾನೇ ಬಿಲ್ಡ್ ಮಾಡಿದ್ದು. ಅದಕ್ಕೆ ಚುಚ್ಚಿ ಪಟ್ಟಿ ತೆಗೆದರೆ ಸಾಲುಸಾಲು ಪ್ರಶ್ನೆ ಚಿಹ್ನೆ, ಕೊನೆಗೆ ಎಂಪಿ3. ಕಾಕಾ ಕನ್ನಡಕ ಸರಿ ಮಾಡ್ಕೊಂಡು, "ಏನಪಾ, ಎಲ್ಲಾ ಪ್ರಶ್ನೆ ಚಿಹ್ನೆ ಆಗ್ಯಾವಲ್ಲ? ಹೆಸರು ಹೋದುವೇನು?" ಅಂದರು. ಡ್ರೈವ್ ಕೆಟ್ಟಿರಬೇಕು ಅಂದ್ಕೊಂಡು ನಾನು ಡಿಸ್ಕ್ ರಿಪೇರಿ ಕಮಾಂಡ್ ಟೈಪ್ ಕೂಡ ಮಾಡಿದ್ದೆ. ಎಂಟರ್ ಒತ್ತೋ ಮೊದಲು ಕೈ ತಡೀತು. "ಕಾಕಾ, ಒಮ್ಮೆ ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿ ನೋಡೋಣ ರೀ" ಅಂದೆ. ಅವರ ವಿಂಡೋಸ್‌ನಲ್ಲಿ ಎಲ್ಲ ಹೆಸರೂ ಸರಿಯಾಗೇ ಇದ್ದವು. ತಪ್ಪು ನನ್ನ ಕರ್ನೆಲ್‌ನದ್ದು, ಅಂದರೆ ನನ್ನದು. ಆವತ್ತು ರಾತ್ರಿ ಹುಡುಕ್ತಾ ಕೂತಾಗ ಸಿಕ್ಕಿದ್ದೇ ಈ ಇತಿಹಾಸ.

ಡಿಸ್ಕ್ ಮೇಲೆ ಹೆಸರು ಹೇಗಿರುತ್ತೆ

ಪೆನ್‌ಡ್ರೈವ್‌ನಲ್ಲಿ ಸಾಮಾನ್ಯವಾಗಿ ಇರೋದು ಫ್ಯಾಟ್ ಫೈಲ್‌ಸಿಸ್ಟಂ. ಡಾಸ್ ಕಾಲದಲ್ಲಿ ಹೆಸರಿಗೆ 8 ಅಕ್ಷರ, ಎಕ್ಸ್‌ಟೆನ್ಷನ್‌ಗೆ 3, ಅಷ್ಟೇ ಜಾಗ. ವಿಂಡೋಸ್ 95 ಜೊತೆ ಉದ್ದ ಹೆಸರು ಮನೆಮನೆಗೆ ಬಂತು. ಹಳೆಯ 32 ಬೈಟಿನ ಡೈರೆಕ್ಟರಿ ಎಂಟ್ರಿಗಳನ್ನೇ ಒಂದರ ಹಿಂದೆ ಒಂದು ಜೋಡಿಸಿ, ಒಂದೊಂದರಲ್ಲೂ 13 ಅಕ್ಷರ ತುಂಬೋದು ಅದರ ಉಪಾಯ. ಆ ಅಕ್ಷರಗಳು ಇರೋದು 16 ಬಿಟ್‌ನ ಯೂನಿಕೋಡ್‌ನಲ್ಲಿ. ಅಂದರೆ 1995ರ ಆ ವಿನ್ಯಾಸದಲ್ಲೇ ಕನ್ನಡಕ್ಕೆ ಜಾಗ ಇತ್ತು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇದೆ.

ಲಿನಕ್ಸ್‌ನಲ್ಲಿ ತೊಂದರೆ ಆಗೋದು ಡಿಸ್ಕ್ ಮೇಲಲ್ಲ, ಡಿಸ್ಕ್‌ನಿಂದ ಪ್ರೋಗ್ರಾಂಗೆ ಹೆಸರು ದಾಟಿಸುವಾಗ. ಲಿನಕ್ಸ್ ಪ್ರೋಗ್ರಾಂಗಳಿಗೆ ಫೈಲ್ ಹೆಸರು ಅಂದ್ರೆ ಬೈಟ್‌ಗಳ ಸಾಲು. 16 ಬಿಟ್ ಯೂನಿಕೋಡನ್ನ ಯಾವ ಬೈಟ್‌ಗಳಾಗಿ ಬದಲಾಯಿಸಬೇಕು ಅಂತ ಕರ್ನೆಲ್‌ಗೆ ಯಾರಾದರೂ ಹೇಳಲೇಬೇಕು. ಈ ಅನುವಾದದ ಭಾಗದ ಹೆಸರು ಎನ್‌ಎಲ್‌ಎಸ್. ಇದನ್ನ 1996-97ರಲ್ಲಿ ಬರೆದವರು ಗಾರ್ಡನ್ ಚಾಫಿ. ಲಿನಕ್ಸ್‌ಗೆ ಉದ್ದ ಹೆಸರಿನ ಫ್ಯಾಟ್ ತಂದವರೂ ಅವರೇ.

ಇಲ್ಲದ ಹನ್ನೆರಡನೇ ಕೋಷ್ಟಕ

ಎನ್‌ಎಲ್‌ಎಸ್‌ನಲ್ಲಿ ಇರೋದು ಕೋಷ್ಟಕಗಳು. ಪಶ್ಚಿಮ ಯುರೋಪಿನ ಭಾಷೆಗಳಿಗೆ ಐಎಸ್‌ಒ 8859-1, ರಷ್ಯನ್‌ಗೆ ಕೆಒಐ8, ಜಪಾನಿಗೆ 932, ಥಾಯ್‌ಗೆ 874. ಒಂದೊಂದು ಕೋಷ್ಟಕಕ್ಕೂ ಕಾನ್ಫಿಗ್‌ನಲ್ಲಿ ಒಂದೊಂದು ಪ್ರಶ್ನೆ: ವೈ ಅಂದ್ರೆ ಕರ್ನೆಲ್ ಒಳಗೇ ಇರಲಿ, ಎಂ ಅಂದ್ರೆ ಮಾಡ್ಯೂಲ್ ಆಗಿರಲಿ, ಎನ್ ಅಂದ್ರೆ ಬೇಡ. ಈ ಪಟ್ಟಿಯಲ್ಲಿ ಭಾರತದ ಯಾವ ಲಿಪಿಗೂ ಪ್ರತ್ಯೇಕ ಕೋಷ್ಟಕ ಇಲ್ಲ. ನಮ್ಮ ಇಸ್ಕಿ 1991ರಲ್ಲೇ ಐಎಸ್ 13194 ಅನ್ನೋ ಭಾರತೀಯ ಮಾನಕ ಆಗಿತ್ತು. ಆದರೂ ಲಿನಕ್ಸ್ ಎನ್‌ಎಲ್‌ಎಸ್‌ಗೆ ಅದು ಬರಲಿಲ್ಲ. ಐಎಸ್‌ಒ 8859 ಸರಣಿಯಲ್ಲಿ 12ನೇ ಭಾಗವನ್ನ ದೇವನಾಗರಿಗೆ ಅಂತ ಯೋಚಿಸಿದ್ದರು, 1997ರಲ್ಲಿ ಆ ಕೆಲಸವನ್ನೇ ಕೈಬಿಟ್ಟರು. ಇವತ್ತಿಗೂ ಆ ಸರಣಿಯಲ್ಲಿ 11 ಆದಮೇಲೆ ಬರೋದು 13.

ಹಾಗಾಗಿ ನಮಗೆ ಉಳಿದ ದಾರಿ ಒಂದೇ, ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ್ದು. ಇದರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಅಕ್ಷರಕ್ಕೂ 3 ಬೈಟ್ ಬೇಕು. ಇಎಕ್ಸ್‌ಟಿ4ನಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ನಮಗೆ 85 ಅಕ್ಷರ. ಒತ್ತು, ಸ್ವರಚಿಹ್ನೆ ಎಲ್ಲ ಬೇರೆಬೇರೆಯಾಗಿ ಎಣಿಸಿ 85. ಸಾಕಾಗುತ್ತೆ ಬಿಡಿ.

ಆದರೆ ಫ್ಯಾಟ್‌ಗೆ ಕರ್ನೆಲ್‌ನ ಡಿಫಾಲ್ಟ್ ಯಾವುದು? ಐಎಸ್‌ಒ 8859-1. 256 ಮನೆಗಳ ಕೋಷ್ಟಕ, ಅದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಕೋಷ್ಟಕದಲ್ಲಿ ಸಿಗದ ಅಕ್ಷರದ ಜಾಗದಲ್ಲಿ ಕರ್ನೆಲ್ ಒಂದು ಪ್ರಶ್ನೆ ಚಿಹ್ನೆ ಇಟ್ಟು ಮುಂದೆ ಹೋಗುತ್ತೆ. ಕಾಕಾ ನೋಡಿದ್ದು ಇದನ್ನೇ.

ಉಲ್ಟಾ ದಿಕ್ಕಿನಲ್ಲಿ ಇನ್ನೊಂದು ತಮಾಷೆ. ಇದೇ ಡಿಫಾಲ್ಟ್ ಇರುವ ಲಿನಕ್ಸ್‌ನಿಂದ ಪೆನ್‌ಡ್ರೈವ್‌ಗೆ ಕನ್ನಡ ಹೆಸರಿನ ಫೈಲ್ ಬರೆದರೆ, ಒಂದು ಅಕ್ಷರದ 3 ಬೈಟ್‌ಗಳು ಮೂರು ಬೇರೆ ಅಕ್ಷರ ಅಂತ ಡಿಸ್ಕ್‌ಗೆ ಇಳಿಯುತ್ತವೆ. ವಿಂಡೋಸ್‌ನಲ್ಲಿ ತೆರೆದರೆ ತಲೆ ಮೇಲೆ ಗೀಟಿರುವ ಫ್ರೆಂಚ್ 'ಎ', ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ 3, ಮತ್ತೆ ಅದೇ 'ಎ', ಮತ್ತೆ 2. ನಮ್ಮ ಎಲ್ಲ ಅಕ್ಷರಗಳೂ ಶುರುವಾಗೋದು ಅವೇ ಎರಡು ಜೋಡಿ ಬೈಟ್‌ಗಳಿಂದ. ಈ ಗೊಂಚಲು ಕಂಡರೆ ಒಳಗೆ ಕನ್ನಡ ಇದೆ ಅಂತ ಗುರುತಿಟ್ಟುಕೊಳ್ಳಿ, ಡಿಲೀಟ್ ಮಾಡಬೇಡಿ. ಬೈಟ್‌ಗಳೆಲ್ಲ ಹಾಗೇ ಇರೋದರಿಂದ ವಾಪಸ್ ತರಬಹುದು.

ಆಗ ಯಾರಿಗೂ ಯಾಕೆ ಗೊತ್ತಾಗಲಿಲ್ಲ

ಆ ಡಿಫಾಲ್ಟ್ ಇಟ್ಟವರ ಮೇಲೆ ಸಿಟ್ಟು ಮಾಡೋ ಮೊದಲು ಆ ಕಾಲದಲ್ಲಿ ನಾವು ಏನು ಮಾಡ್ತಿದ್ದೆವು ಅಂತ ನೆನೆಸಿಕೊಳ್ಳಿ. 1998ರಲ್ಲಿ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಆಗ ಕನ್ನಡ ಇದ್ದದ್ದು ಫಾಂಟ್‌ನಲ್ಲಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸೋ ಲೆಕ್ಕ. ಆ ಫಾಂಟ್ ಫೈಲ್‌ನ ಒಳಗೆ ಕೆಲಸ ಮಾಡುತ್ತೆ, ಫೈಲ್‌ನ ಹೆಸರಿಗೆ ಮಾಡಲ್ಲ. ಹಾಗಾಗಿ ಒಳಗೆ ಎಷ್ಟೇ ಕನ್ನಡ ಇದ್ದರೂ ಹೆಸರು ಮಾತ್ರ ಇಂಗ್ಲಿಷ್. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಜೊತೆ ಬಂದಮೇಲೆ ಕನ್ನಡದಲ್ಲಿ ಫೈಲ್ ಹೆಸರು ಇಡೋದು ಸಾಮಾನ್ಯರ ಕೈಗೆ ಬಂತು. ಡಿಫಾಲ್ಟ್ ಗಟ್ಟಿಯಾದದ್ದು ಅದಕ್ಕೂ ಮೊದಲು. ಆಗ ಕನ್ನಡ ಹೆಸರಿನ ಫೈಲ್ ಹಿಡಿದು ದೂರು ಕೊಡೋಕೆ ಹೋಗುವವರೇ ಇರಲಿಲ್ಲ.

ಕೇಳುವ ಯಂತ್ರವೂ ಬದಲಾಯಿತು

ಈಗ ಆ ಪ್ರಶ್ನೆಗಳನ್ನ ಕೇಳುವ ಸಾಧನದ ಕಡೆ ಬರೋಣ. ಮೊದಲೆಲ್ಲ 'ಮೇಕ್ ಕಾನ್ಫಿಗ್' ಅಂದ್ರೆ ಶೆಲ್ ಸ್ಕ್ರಿಪ್ಟ್ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾ ಹೋಗೋದು. ಮಧ್ಯದಲ್ಲಿ ತಪ್ಪಿದರೆ ಹಿಂದೆ ಹೋಗೋ ಹಾಗಿಲ್ಲ. ಆಮೇಲೆ ಮೆನು ಬಂತು. 2000ದ ಹೊತ್ತಿಗೆ ಎರಿಕ್ ರೇಮಂಡ್ ಇಡೀ ವ್ಯವಸ್ಥೆಯನ್ನೇ ಪೈಥಾನ್‌ನಲ್ಲಿ ಹೊಸದಾಗಿ ಬರೆದರು, ಸಿಎಂಎಲ್2 ಅಂತ. ಕರ್ನೆಲ್ ಬಿಲ್ಡ್ ಮಾಡೋಕೆ ಪೈಥಾನ್ ಬೇಕೇ ಅಂತ ದೊಡ್ಡ ಜಗಳ ಆಯ್ತು, ಅದು ಕರ್ನೆಲ್‌ಗೆ ಸೇರಲೇ ಇಲ್ಲ. ಕೊನೆಗೆ 2002ರ ಅಕ್ಟೋಬರ್‌ನಲ್ಲಿ, 2.5.45ರಲ್ಲಿ, ರೋಮನ್ ಜಿಪ್ಪೆಲ್ ಅವರ ಕೆಕಾನ್ಫಿಗ್ ಸೇರಿತು. ನಾವು ಇವತ್ತು ಬಳಸೋದು ಅದನ್ನೇ.

ಕೆಕಾನ್ಫಿಗ್‌ನಲ್ಲಿ ಆಪ್ಷನ್‌ಗಳ ನಡುವೆ ಸಂಬಂಧ ಬರೆಯಬಹುದು. 'ಡಿಪೆಂಡ್ಸ್ ಆನ್' ಅಂದ್ರೆ ಇದು ಬೇಕಾದರೆ ಅದು ಮೊದಲು ಇರಬೇಕು. 'ಸೆಲೆಕ್ಟ್' ಅಂದ್ರೆ ಇದನ್ನ ಆರಿಸಿದರೆ ಅದೂ ತಾನಾಗೇ ಬರುತ್ತೆ. ಫ್ಯಾಟ್ ಆರಿಸಿದರೆ ಎನ್‌ಎಲ್‌ಎಸ್ ತಾನಾಗೇ ಬರುತ್ತೆ. ಆದರೆ ಎನ್‌ಎಲ್‌ಎಸ್ ಒಳಗಿನ ಕೋಷ್ಟಕಗಳು ಹಾಗೆ ಬರೋಲ್ಲ, ಅವನ್ನ ನೀವೇ ನೋಡಿ ಆರಿಸಬೇಕು. ಎಂಬೆಡೆಡ್ ಬೋರ್ಡ್ ಮೇಲೆ ಕೆಲಸ ಮಾಡಿದವರು 'ಐಒ ಚಾರ್‌ಸೆಟ್ ನಾಟ್ ಫೌಂಡ್' ಅನ್ನೋ ಸಾಲು ನೋಡಿರ್ತೀರಿ. ಡಿಫಾಲ್ಟ್ ಹೇಳುವ ಕೋಷ್ಟಕವನ್ನೇ ಬಿಲ್ಡ್ ಮಾಡದೆ ಬಿಟ್ಟಾಗ ಪೆನ್‌ಡ್ರೈವ್ ಮೌಂಟೇ ಆಗದೆ ಬರುವ ದೂರು ಅದು.

ಹೊಸ ಕರ್ನೆಲ್ ಬಂದಾಗ ಹೊಸ ಪ್ರಶ್ನೆಗಳೂ ಬರುತ್ತವೆ. 'ಓಲ್ಡ್‌ಕಾನ್ಫಿಗ್' ಅವನ್ನ ಮಾತ್ರ ಕೇಳುತ್ತೆ. 'ಓಲ್ಡ್‌ಡೆಫ್‌ಕಾನ್ಫಿಗ್' ಕೇಳೋದೂ ಇಲ್ಲ, ಸುಮ್ಮನೆ ಡಿಫಾಲ್ಟ್ ತಗೊಂಡು ಮುಗಿಸುತ್ತೆ. ನಾನು ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದದ್ದು ಎರಡನೆಯದು.

ಆ ಪ್ರಶ್ನೆ ಬಂದದ್ದು 2016ರಲ್ಲಿ

ಫ್ಯಾಟ್‌ಗೆ ಯುಟಿಎಫ್8 ಅನ್ನೋ ಮೌಂಟ್ ಆಪ್ಷನ್ ಮೊದಲಿಂದಲೂ ಇತ್ತು, ಆದರೆ ಪ್ರತಿ ಸಲ ಕೊಡಬೇಕು. ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಯುಡಿಸ್ಕ್ಸ್ ಅನ್ನೋ ಸೇವೆ ನಮ್ಮ ಪರವಾಗಿ ಅದನ್ನ ಕೊಡುತ್ತೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಸರಿ ಕಾಣೋದು ಅದಕ್ಕೇ. ನನ್ನ ಸರ್ವರ್‌ನಲ್ಲಿ ಡೆಸ್ಕ್‌ಟಾಪ್ ಇಲ್ಲ, ಬರೀ ಮೌಂಟ್ ಕಮಾಂಡ್.

ಹಾಗಾದ್ರೆ ಕೋಷ್ಟಕದ ಡಿಫಾಲ್ಟನ್ನೇ ಯುಟಿಎಫ್8 ಅಂತ ಬದಲಿಸಬಹುದಲ್ಲ? ಬೇಡ ಅಂತ ಸಹಾಯದ ಸಾಲೇ ಹೇಳುತ್ತೆ. ಕಾರಣ, ಫ್ಯಾಟ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ. ಹಾಗೆ ಮಾಡಿದರೆ ಅವು ಬೇರೆಬೇರೆ ಆಗಿಬಿಡುತ್ತವೆ. ಕನ್ನಡಕ್ಕೆ ದೊಡ್ಡದು ಸಣ್ಣದು ಅನ್ನೋ ಭೇದ ಇಲ್ಲ, ಆದರೂ ಹೆಸರಿನ ಕೊನೆಯ ಎಂಪಿ3 ಇಂಗ್ಲಿಷೇ ತಾನೇ. 2016ರಲ್ಲಿ ಇದಕ್ಕೆ ಪ್ರತ್ಯೇಕ ಕಾನ್ಫಿಗ್ ಆಪ್ಷನ್ ಬಂತು: ಫ್ಯಾಟ್‌ನಲ್ಲಿ ಯುಟಿಎಫ್-8 ಡಿಫಾಲ್ಟ್ ಆಗಿರಲಿ ಅಂತ. ಅದರ ಡಿಫಾಲ್ಟ್ ಉತ್ತರ ಎನ್. ನಾನು ಕೇಳಿಸಿಕೊಳ್ಳಲೇ ಇಲ್ಲ. ನನ್ನ ಸ್ಕ್ರಿಪ್ಟ್ ನನ್ನ ಪರವಾಗಿ ಎನ್ ಅಂದಿತ್ತು.

ಆಮೇಲಿನ ಫೈಲ್‌ಸಿಸ್ಟಂಗಳಲ್ಲಿ ಗಾಳಿ ಬದಲಾಯಿತು. 2020ರಲ್ಲಿ 5.7ರ ಜೊತೆ ಸ್ಯಾಮ್‌ಸಂಗ್‌ನವರ ಎಕ್ಸ್‌ಫ್ಯಾಟ್ ಡ್ರೈವರ್ ಬಂದಾಗ ಅದರ ಡಿಫಾಲ್ಟ್ ಯುಟಿಎಫ್8. ಅದಕ್ಕೂ ಮುಂಚೆ, 2019ರಲ್ಲಿ 5.2 ಕರ್ನೆಲ್‌ನಲ್ಲಿ, ಇಎಕ್ಸ್‌ಟಿ4ಗೆ ಯೂನಿಕೋಡ್ ಹೋಲಿಕೆ ಬಂತು. ನಮಗೆ ಅದೂ ಬೇಕಾದ್ದೇ. 'ಲೋ' ಅನ್ನೋದರ ಸ್ವರಚಿಹ್ನೆಯನ್ನ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್‌ಗಳು ಬೇರೆ. ಆ ಆಪ್ಷನ್ ಹಾಕಿ, ಡೈರೆಕ್ಟರಿಗೆ ಅದರ ಗುರುತು ಕೊಟ್ಟರೆ ಮಾತ್ರ ಎರಡೂ ಒಂದೇ ಹೆಸರು ಅಂತ ಕರ್ನೆಲ್ ಒಪ್ಪುತ್ತೆ.

ಇದರಲ್ಲಿ ನಮ್ಮ ನಾಡಿನ ಕೈವಾಡವೂ ಇದೆ. ಇಎಕ್ಸ್‌ಟಿ4 ಬೆಳೆಯುವಾಗ ಬೆಂಗಳೂರಿನ ಐಬಿಎಂ ಲಿನಕ್ಸ್ ತಂಡ ಅದರಲ್ಲಿತ್ತು. 2007ರಲ್ಲಿ 2.6.23ಕ್ಕೆ ಬಂದ, ಫೈಲ್‌ಗೆ ಮೊದಲೇ ಜಾಗ ಕಾದಿರಿಸುವ ಫಾಲೊಕೇಟ್ ಕರೆ ಆ ತಂಡದ ಅಮಿತ್ ಅರೋರಾ ಅವರ ಕೆಲಸ. ಅಂದರೆ ಫೈಲ್‌ಸಿಸ್ಟಂನ ಹೊಟ್ಟೆಯೊಳಗಿನ ಕಷ್ಟದ ಕೆಲಸ ನಮ್ಮಲ್ಲಿ ಕೂತು ಮಾಡಿದವರಿದ್ದಾರೆ. ಡಿಫಾಲ್ಟ್ ಬದಲಿಸೋದು ಒಂದು ಸಾಲಿನ ಕೆಲಸ. ಆದರೆ ಅದು ತಪ್ಪಾಗಿದೆ ಅಂತ ಗೊತ್ತಾಗಬೇಕಾದರೆ ಯಾರಾದರೂ ಕನ್ನಡದಲ್ಲಿ ಫೈಲ್‌ಗೆ ಹೆಸರಿಟ್ಟು ನೋಡಬೇಕು. ನಾನು ಎಂಟೆಕ್ ಮಾಡುವಾಗಿನಿಂದ ಕರ್ನೆಲ್ ಬಿಲ್ಡ್ ಮಾಡ್ತಿದ್ದೀನಿ, ಒಮ್ಮೆಯೂ ಇಟ್ಟು ನೋಡಿರಲಿಲ್ಲ. ನನ್ನ ಫೈಲ್‌ಗಳೆಲ್ಲ ಇಂಗ್ಲಿಷ್ ಹೆಸರಿನವೇ.

ಈಗ ಏನು ಮಾಡ್ತೀನಿ

ಎರಡು ಬದಲಾವಣೆ ಮಾಡಿಕೊಂಡೆ. ಹೊಸ ಆವೃತ್ತಿಗೆ ಹೋಗುವಾಗ ಫೈಲ್‌ಸಿಸ್ಟಂ ಮತ್ತು ಎನ್‌ಎಲ್‌ಎಸ್ ಭಾಗದ ಹೊಸ ಪ್ರಶ್ನೆಗಳನ್ನ 'ಓಲ್ಡ್‌ಕಾನ್ಫಿಗ್'ನಲ್ಲಿ ನಾನೇ ಓದಿ ಉತ್ತರಿಸ್ತೀನಿ. ಎರಡನೆಯದು, 'ಸೇವ್‌ಡೆಫ್‌ಕಾನ್ಫಿಗ್' ಕೊಟ್ಟರೆ ಡಿಫಾಲ್ಟ್‌ಗಿಂತ ಭಿನ್ನವಾದ ಸಾಲುಗಳಷ್ಟೇ ಸಿಗುತ್ತವೆ. ಸಾವಿರಾರು ಸಾಲಿನ ಕಾನ್ಫಿಗ್ ಬದಲು ಆ ಚಿಕ್ಕ ಫೈಲನ್ನ ಗಿಟ್‌ನಲ್ಲಿ ಇಟ್ಟಿದ್ದೀನಿ, ಒಂದೊಂದು ಬದಲಾವಣೆಗೂ ಕಾರಣ ಬರೆದು. ಫ್ಯಾಟ್ ಯುಟಿಎಫ್-8 ಸಾಲಿಗೆ ಬರೆದ ಕಾರಣ: 'ಕಾಕಾ ಅವರ ಹಾಡುಗಳು'.

ಕರ್ನೆಲ್ ಮತ್ತೆ ಬಿಲ್ಡ್ ಮಾಡಿ ಮಾರನೇ ಭಾನುವಾರ ಕಾಕಾರನ್ನ ಕರೆದೆ. ಪಟ್ಟಿ ಬಂತು, ಎಲ್ಲ ಕನ್ನಡ. ಅವರು ಪರದೆ ಮೇಲೆ ಬೆರಳಿಟ್ಟು ಒಂದೊಂದೇ ಓದುತ್ತಾ ಹೋದರು. ಒಂದು ಕಡೆ ನಿಂತು, "ಇದರಾಗ ಊರು ತಪ್ಪು ಬರದೀನಿ ನೋಡಪಾ, ಇದು ನಮ್ಮತ್ತಿ ಹಾಡಿದ್ದು, ರೋಣದಾಗ" ಅಂದರು. ಅಲ್ಲೇ ತಿದ್ದಿದೆವು.

ನಿಮ್ಮ ಮನೆಯಲ್ಲಿ ರಾಸ್ಪ್‌ಬೆರಿ ಪೈ, ಹಳೇ ಡೆಸ್ಕ್‌ಟಾಪ್, ಏನಿದ್ದರೂ ಸರಿ, ಇವತ್ತು ರಾತ್ರಿ ಪೆನ್‌ಡ್ರೈವ್‌ನಲ್ಲಿ ಕನ್ನಡ ಹೆಸರಿನ ಒಂದು ಫೈಲ್ ಹಾಕಿ ಚುಚ್ಚಿ ನೋಡಿ. ಪ್ರಶ್ನೆ ಚಿಹ್ನೆ ಬಂದರೆ ಗಾಬರಿ ಬೇಡ, ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ. ಡಿಸ್ಕ್ ಮೇಲೆ ಹೆಸರು ಹಾಗೇ ಇದೆ. ಯುಟಿಎಫ್8 ಆಪ್ಷನ್ ಕೊಟ್ಟು ಮತ್ತೊಮ್ಮೆ ಮೌಂಟ್ ಮಾಡಿ.